ಸೊನ್ನೆ ಕಾಯುವ ಕೆಲಸ

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಅಜ್ಜ ಅಜ್ಜಿಯರೂ ಸೇರಿಕೊಳ್ಳಬಹುದು.

ಹನ್ನೊಂದು ಜನರ ಒಂದು ತಂಡ ಆಡಿತು. ಒಂದು ಗೋಲಿಗೆ ಸೊನ್ನೆಯಿಂದ ಗೆದ್ದಿತು. ಮರುದಿನದ ಪೇಪರಿನಲ್ಲಿ ಆ 'ಒಂದು' ಯಾರದು ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಹೊಡೆದವರ ಹೆಸರು, ಎಷ್ಟನೇ ನಿಮಿಷ, ಕೈ ಎತ್ತಿ ಓಡುತ್ತಿರುವ ಫೋಟೋ ಎಲ್ಲವೂ ಇರುತ್ತದೆ. ಸರಿ. ಹಾಗಾದರೆ ಪಕ್ಕದಲ್ಲಿರುವ ಆ ಸೊನ್ನೆ ಯಾರದು? ಅದನ್ನೂ ಯಾರೋ ಸಂಪಾದಿಸಿದ್ದಾರಲ್ಲ? ಅದು ತಾನಾಗಿ ಬಿದ್ದದ್ದಲ್ಲ. ಎದುರಿನ ತಂಡವೂ ಗೋಲು ಹೊಡೆಯಲಿಕ್ಕೆಂದೇ ಬಂದಿತ್ತು.

ಈ ಪ್ರಶ್ನೆ ಬಂದದ್ದಕ್ಕೆ ಕಾರಣ ಉಂಟು. ಮಡಿಕೇರಿಗೂ ವಿರಾಜಪೇಟೆಗೂ ನಡುವಿನ ನಮ್ಮ ಮೂರ್ನಾಡಿನಲ್ಲಿ, ಕೊಡಗಿನ ಬೇರೆ ಊರುಗಳ ಹಾಗೆಯೇ, ಮಕ್ಕಳ ಕೈಗೆ ಪೆನ್ಸಿಲಿನ ಜೊತೆಜೊತೆಗೇ ಹಾಕಿ ಸ್ಟಿಕ್ ಬರುತ್ತದೆ. ಆದರೆ ಯಾವ ಹುಡುಗನನ್ನು, ಯಾವ ಹುಡುಗಿಯನ್ನು ಕೇಳಿದರೂ ಉತ್ತರ ಒಂದೇ: "ನಾನು ಫಾರ್ವರ್ಡ್." ಹನ್ನೊಂದು ಜನರೂ ಫಾರ್ವರ್ಡ್ ಆದರೆ ಗೋಲಿನ ಮುಂದೆ ನಿಲ್ಲುವವರು ಯಾರು? ಮೊನ್ನೆ ನೆರೆಮನೆಯ ಹುಡುಗ, ಏಳನೇ ಕ್ಲಾಸಿನವನು, ನಮ್ಮ ಜಗಲಿಗೆ ಬಂದು ಸ್ಟಿಕ್ಕನ್ನು ಗೋಡೆಗೆ ಒರಗಿಸಿ ಸುಮ್ಮನೆ ಕೂತ.

"ಅಜ್ಜ, ನಾನು ನಾಳೆಯಿಂದ ಪ್ರಾಕ್ಟೀಸಿಗೆ ಹೋಗುವುದಿಲ್ಲ."

"ಯಾಕಪ್ಪಾ?"

"ನನ್ನನ್ನು ಹಿಂದೆ ನಿಲ್ಲಿಸಿದ್ದಾರೆ. ಆಡಲಿಕ್ಕೆ ಬಾರದವರನ್ನು ಹಿಂದೆ ನಿಲ್ಲಿಸುವುದು."

ಅವನಿಗೆ ನಾನು ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೆಯುತ್ತೇನೆ. ಯಾಕೆಂದರೆ ಅವನ ಹಾಗೆ ಮುಖ ಸಣ್ಣ ಮಾಡಿಕೊಂಡವರು ಬೇರೆ ಮನೆಗಳಲ್ಲೂ ಇರಬಹುದು.

ಗೋಣಿಕೊಪ್ಪಲಿನ ಹತ್ತಿರ ಹಾತೂರು ಎಂಬ ಊರುಂಟು. ಆ ಊರಿನವರು ವಿ. ಆರ್. ರಘುನಾಥ್. ಹುಟ್ಟಿದ್ದು 1988ರ ನವೆಂಬರಿನಲ್ಲಿ. 2005ರಲ್ಲಿ ಮಲೇಶಿಯಾದ ಸುಲ್ತಾನ್ ಅಜ್ಲನ್ ಶಾ ಕಪ್‌ನಲ್ಲಿ ಭಾರತದ ಪರವಾಗಿ ಮೊದಲ ಸಲ ಆಡಿದರು. ಆಗ ಅವರಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಅಂದರೆ ನಿಮ್ಮಲ್ಲಿ ಕೆಲವರ ಅಣ್ಣನ ಪ್ರಾಯ. ಅಲ್ಲಿಂದ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ, 200ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರು ನಿಂತದ್ದು ಎಲ್ಲಿ? ಹಿಂದೆ. ಡಿಫೆಂಡರ್. ನಮ್ಮ ಕಾಲದವರು 'ಫುಲ್ ಬ್ಯಾಕ್' ಎನ್ನುತ್ತಿದ್ದ ಜಾಗ.

ಹಿಂದೆ ನಿಂತವರ ಕೆಲಸ ಏನು ಎಂದು ಮೊದಲು ತಿಳಿದುಕೊಳ್ಳೋಣ. ಫುಟ್ಬಾಲ್ ಗೊತ್ತಿದ್ದವರಿಗೆ ಸುಲಭ. ಫುಟ್ಬಾಲಿನ ಗೋಲು 7.32 ಮೀಟರ್ ಅಗಲ, ಹಾಕಿಯ ಗೋಲು 3.66 ಮೀಟರ್. ಸರಿಯಾಗಿ ಅರ್ಧ. ಗೋಲು ಚಿಕ್ಕದು, ಕಾಯುವುದು ಸುಲಭ ಎಂದುಕೊಳ್ಳಬೇಡಿ. ಹಾಕಿಯ ಚೆಂಡೂ ಚಿಕ್ಕದು, ಗಟ್ಟಿ, ಅದರ ವೇಗವೂ ಹೆಚ್ಚು. ಇನ್ನೊಂದು ವ್ಯತ್ಯಾಸ ಆಫ್‌ಸೈಡ್. ಫುಟ್ಬಾಲಿನಲ್ಲಿ ನಡುವೆ ನಿಲ್ಲುವ ಇಬ್ಬರು ಡಿಫೆಂಡರುಗಳು ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬಂದರೆ, ಅವರ ಬೆನ್ನ ಹಿಂದೆ ಉಳಿದ ಎದುರಾಳಿಗೆ ಪಾಸ್ ಕೊಟ್ಟರೂ ಆಫ್‌ಸೈಡ್ ಆಗುತ್ತದೆ. ಹಾಕಿಯಲ್ಲಿ 1990ರ ದಶಕದ ಕೊನೆಯಲ್ಲಿ ಆ ನಿಯಮವನ್ನೇ ತೆಗೆದುಬಿಟ್ಟರು. ಹಾಗಾಗಿ ಈಗ ಹಾಕಿಯ ಡಿಫೆಂಡರ್ ಚೆಂಡಿನ ಮೇಲೆ ಒಂದು ಕಣ್ಣು ಇಟ್ಟರೆ, ಬೆನ್ನ ಹಿಂದೆ ಯಾರು ಸುಳಿಯುತ್ತಿದ್ದಾರೆ ಎಂದು ಇನ್ನೊಂದು ಕಣ್ಣು ಇಡಬೇಕು. ದೇವರು ಎರಡೇ ಕಣ್ಣು ಕೊಟ್ಟಿದ್ದಾನೆ. ಉಳಿದದ್ದಕ್ಕೆ ಬಾಯಿ. ಒಳ್ಳೆಯ ಡಿಫೆಂಡರ್ ಆಟದ ಉದ್ದಕ್ಕೂ ಜೊತೆಗಾರರಿಗೆ ಕೂಗಿ ಹೇಳುತ್ತಲೇ ಇರುತ್ತಾನೆ: "ಎಡಕ್ಕೆ ನೋಡು, ನಿನ್ನ ಹಿಂದೆ ಇದ್ದಾನೆ, ನಾನು ಇಲ್ಲಿದ್ದೇನೆ."

ಇನ್ನು ಪೆನಾಲ್ಟಿ ಕಾರ್ನರ್. ಇಲ್ಲಿ ಡಿಫೆಂಡರಿನ ಎದೆಗಾರಿಕೆ ಕಾಣುತ್ತದೆ. ಗೋಲ್‌ಕೀಪರನ್ನೂ ಸೇರಿಸಿ ಐದೇ ಜನ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ಉಳಿದವರೆಲ್ಲ ಮೈದಾನದ ಅರ್ಧ ಗೆರೆಯ ಆಚೆ. ಗೋಲಿನ ಕಂಬದಿಂದ ಹತ್ತು ಮೀಟರ್ ದೂರದಿಂದ ಎದುರಾಳಿ ಚೆಂಡು ತಳ್ಳುತ್ತಾನೆ. ಅದು ವೃತ್ತದ ಹೊರಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ಒಬ್ಬ ಗೋಲಿಗೆ ಬೀಸುತ್ತಾನೆ. ಚೆಂಡು ತಳ್ಳಿದ ಕ್ಷಣ ಗೋಲಿನ ಗೆರೆಯಿಂದ ಒಬ್ಬ ನೇರವಾಗಿ ಆ ಬೀಸುವವನ ಎದುರಿಗೇ ಓಡಬೇಕು. ಗಂಟೆಗೆ ನೂರು ಕಿಲೋಮೀಟರ್ ಮೀರಿ ಬರುವ ಚೆಂಡಿನ ಕಡೆಗೆ! ನಾವು ನೀವು ಆದರೆ ಬೇರೆ ದಿಕ್ಕಿಗೆ ಓಡುತ್ತೇವೆ.

ರಘುನಾಥ್ ಅವರ ವಿಶೇಷ ಏನೆಂದರೆ, ತಮ್ಮ ಗೋಲು ಕಾಯುವುದರ ಜೊತೆಗೆ ಎದುರಿನ ಗೋಲಿಗೆ ಪೆನಾಲ್ಟಿ ಕಾರ್ನರಿನಲ್ಲಿ ಬೀಸುವ ಕೆಲಸವೂ ಅವರದೇ ಆಗಿತ್ತು. ಅದಕ್ಕೆ ಡ್ರ್ಯಾಗ್ ಫ್ಲಿಕ್ ಎನ್ನುತ್ತಾರೆ. ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡ ಹಾಗೆ ಎಳೆದು, ಮೈಯನ್ನೆಲ್ಲ ತಿರುಗಿಸಿ ಎಸೆಯುವುದು. ಪೆನಾಲ್ಟಿ ಕಾರ್ನರಿನಲ್ಲಿ ಮೊದಲ ಹೊಡೆತವನ್ನು ಸ್ಟಿಕ್ ಬೀಸಿ ಹೊಡೆದರೆ ಚೆಂಡು ಗೋಲಿನ ಕೆಳಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ಮೀರಬಾರದು. ಎಳೆದು ಎಸೆದರೆ ಆ ಮಿತಿ ಇಲ್ಲ. ಅದಕ್ಕೇ ಈ ವಿದ್ಯೆಗೆ ಅಷ್ಟು ಬೆಲೆ. ಹೀಗೆ ಹಿಂದೆ ನಿಂತವರೇ ಅವರು ಭಾರತಕ್ಕೆ 100ಕ್ಕೂ ಹೆಚ್ಚು ಗೋಲು ತಂದುಕೊಟ್ಟರು. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಕೂಡ ಡಿಫೆಂಡರೇ. ಅವರು ಅಂತರರಾಷ್ಟ್ರೀಯ ಹಾಕಿಯಲ್ಲಿ 348 ಗೋಲು ಹೊಡೆದವರು.

ಇದು ಹೊಸ ಕಾಲದ ಮಾತು ಮಾತ್ರ ಅಲ್ಲ. ಅಜ್ಜ ಅಜ್ಜಿಯರಿಗೆ 1975 ನೆನಪಿರಬೇಕು. ಕ್ವಾಲಾಲಂಪುರದ ವಿಶ್ವಕಪ್, ರೇಡಿಯೋಗೆ ಕಿವಿ ಕೊಟ್ಟು ಕೂತಿದ್ದ ಕಾಲ. ನಮ್ಮ ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ಫೈನಲಿನಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿದೆವು. ಗೆಲುವಿನ ಗೋಲು ಹೊಡೆದ ಅಶೋಕ್ ಕುಮಾರ್ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಲೆಕ್ಕ ಸಮ ಮಾಡಿದ ಗೋಲು ಫುಲ್ ಬ್ಯಾಕ್ ಸುರ್ಜಿತ್ ಸಿಂಗ್ ಅವರದು. ಸೆಮಿಫೈನಲಿನಲ್ಲಿ ಮಲೇಶಿಯಾ ಎದುರು ಸೋಲುವ ಹೊತ್ತಿನಲ್ಲಿ ಬದಲಿಯಾಗಿ ಇಳಿದು ಸಮ ಮಾಡಿದ ಅಸ್ಲಂ ಶೇರ್ ಖಾನ್ ಕೂಡ ಹಿಂದೆ ನಿಲ್ಲುವವರೇ.

ಈಗ ಕಷ್ಟದ ಅಧ್ಯಾಯಕ್ಕೆ ಬರೋಣ. ನಂಬಿಕಸ್ಥ ಎಂದರೆ ಸೋಲದವನು ಎಂದು ಅರ್ಥ ಅಲ್ಲ. 2012ರ ಲಂಡನ್ ಒಲಿಂಪಿಕ್ಸ್. ಭಾರತ ತಂಡದಲ್ಲಿ ರಘುನಾಥ್ ಇದ್ದರು. ಕೊಡಗಿನವರೇ ಆದ ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ ಕೂಡ ಇದ್ದರು. ನಮ್ಮ ಜಿಲ್ಲೆಗೆ ಹೆಮ್ಮೆ. ಆದರೆ ಫಲಿತಾಂಶ? ನೆದರ್‌ಲೆಂಡ್ಸ್ ಎದುರು 2-3, ನ್ಯೂಜಿಲೆಂಡ್ ಎದುರು 1-3, ಜರ್ಮನಿ ಎದುರು 2-5, ಕೊರಿಯಾ ಎದುರು 1-4, ಬೆಲ್ಜಿಯಂ ಎದುರು 0-3. ಕೊನೆಗೆ ದಕ್ಷಿಣ ಆಫ್ರಿಕಾ ಎದುರೂ 2-3. ಕೂಡಿಸಿ ನೋಡಿ ಮಕ್ಕಳೇ: ಆರು ಪಂದ್ಯ, ಬಿಟ್ಟ ಗೋಲು 21. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಎಂಟು ಸಲ ಒಲಿಂಪಿಕ್ ಚಿನ್ನ ಗೆದ್ದ ದೇಶ ಕಟ್ಟಕಡೆಗೆ ನಿಂತಿತು. ಆಗ ರಘುನಾಥ್‌ಗೆ 23 ವರ್ಷ.

ಆ ಪ್ರಾಯದಲ್ಲಿ ಅಂಥ ಪೆಟ್ಟು ಬಿದ್ದರೆ ಸ್ಟಿಕ್ಕನ್ನು ಅಟ್ಟಕ್ಕೆ ಹಾಕುವವರೂ ಉಂಟು. ರಘುನಾಥ್ ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತರು. ಆ ವರ್ಷದ ಕೊನೆಯಲ್ಲಿ ಹಾಕಿ ಇಂಡಿಯಾ ಲೀಗಿನ ಮೊದಲ ಹರಾಜು ನಡೆದಾಗ ಉತ್ತರ ಪ್ರದೇಶ ವಿಜಾರ್ಡ್ಸ್ ತಂಡ ಅವರಿಗೆ 76,000 ಡಾಲರ್ ಕೊಟ್ಟು ಕೊಂಡಿತು, ನಾಯಕನನ್ನಾಗಿಯೂ ಮಾಡಿತು. ಕೊನೆಯ ಸ್ಥಾನಕ್ಕೆ ಹೋದ ತಂಡದ ಒಬ್ಬ ಡಿಫೆಂಡರಿಗೆ ಅಷ್ಟು ಬೆಲೆ! ಸೋಲಿನ ಲೆಕ್ಕದಲ್ಲಿಯೂ ಯಾರು ನಂಬಿಕಸ್ಥರು ಎಂದು ನೋಡುವ ಕಣ್ಣು ಕೆಲವರಿಗೆ ಇರುತ್ತದೆ.

2014ರ ಏಷ್ಯನ್ ಗೇಮ್ಸ್, ಕೊರಿಯಾದ ಇಂಚಿಯಾನ್. ಗಾಂಧಿ ಜಯಂತಿಯ ದಿನ ಪಾಕಿಸ್ತಾನದ ಎದುರು ಫೈನಲ್. 1-1 ಸಮ. ಶೂಟೌಟ್‌ನಲ್ಲಿ 4-2ರಿಂದ ಭಾರತಕ್ಕೆ ಚಿನ್ನ, 16 ವರ್ಷಗಳ ಮೇಲೆ. ಆ ಚಿನ್ನದ ಜೊತೆ ರಿಯೊ ಒಲಿಂಪಿಕ್ಸಿಗೆ ನೇರ ಪ್ರವೇಶವೂ ಸಿಕ್ಕಿತು. ಆ ತಂಡದಲ್ಲೂ ರಘುನಾಥ್ ಇದ್ದರು.

ಇನ್ನು 2016. ಈ ಲೇಖನದ ಸೊನ್ನೆ ಇಲ್ಲಿದೆ. ಜೂನ್ ತಿಂಗಳಲ್ಲಿ ಅದೇ ಲಂಡನ್ನಿನಲ್ಲಿ ಚಾಂಪಿಯನ್ಸ್ ಟ್ರೋಫಿ. ನಾಲ್ಕು ವರ್ಷದ ಹಿಂದೆ ಕಟ್ಟಕಡೆಗೆ ನಿಂತ ಊರು. ಈ ಸಲ ಭಾರತ ಫೈನಲಿಗೆ ಬಂತು. ಎದುರಿಗೆ ಆಸ್ಟ್ರೇಲಿಯಾ. ಅರವತ್ತು ನಿಮಿಷ ಆಡಿದ ಮೇಲೆ ಲೆಕ್ಕ 0-0. ಶೂಟೌಟ್‌ನಲ್ಲಿ ಆಸ್ಟ್ರೇಲಿಯಾ ಗೆದ್ದಿತು, ನಮಗೆ ಬೆಳ್ಳಿ. ಆ ಟೂರ್ನಿಯಲ್ಲಿ ಭಾರತಕ್ಕೆ ಅದು ಮೊದಲ ಬೆಳ್ಳಿ. ಪಂದ್ಯದ ಲೆಕ್ಕದಲ್ಲಿ ಒಂದೂ ಗೋಲು ಇಲ್ಲ, ಆದ್ದರಿಂದ ಗೋಲು ಹೊಡೆದವರ ಫೋಟೋ ಹಾಕಲಿಕ್ಕೂ ಇಲ್ಲ. ಆದರೆ ಆಸ್ಟ್ರೇಲಿಯಾದಂಥ ತಂಡವನ್ನು ಒಂದು ಗಂಟೆ ಸೊನ್ನೆಯಲ್ಲಿ ಹಿಡಿದಿಟ್ಟವರು ಯಾರು ಎಂದು ಕೇಳಿದರೆ, ಗೋಲ್‌ಕೀಪರ್ ಶ್ರೀಜೇಶ್ ಮತ್ತು ಅವರ ಮುಂದೆ ನಿಂತ ಡಿಫೆಂಡರುಗಳು. ಆ ವರ್ಷ ರಘುನಾಥ್‌ಗೆ ಅರ್ಜುನ ಪ್ರಶಸ್ತಿಯೂ ಬಂತು.

ಅದೇ ಬೇಸಿಗೆಯಲ್ಲಿ ಇನ್ನೊಂದು ದೇಶದಲ್ಲಿ, ಇನ್ನೊಂದು ಆಟದಲ್ಲಿ, ಇನ್ನೊಬ್ಬರು ಸೊನ್ನೆ ಕಾಯುತ್ತಿದ್ದರು. ಫುಟ್ಬಾಲ್ ಪ್ರಿಯ ಮೊಮ್ಮಕ್ಕಳಿಗೆ ಗೊತ್ತಿರುತ್ತದೆ: 2016ರ ಯೂರೋ ಕಪ್, ಫ್ರಾನ್ಸ್‌ನಲ್ಲಿ. ಗೆದ್ದದ್ದು ಪೋರ್ಚುಗಲ್. ಎಲ್ಲರೂ ರೊನಾಲ್ಡೊ ಎನ್ನುತ್ತಾರೆ. ಫೈನಲಿನಲ್ಲಿ ರೊನಾಲ್ಡೊ ಪೆಟ್ಟಾಗಿ 25ನೇ ನಿಮಿಷಕ್ಕೇ ಹೊರಗೆ ಹೋಗಿದ್ದರು. ಗೋಲು ಹೊಡೆದದ್ದು ಎಡರ್, 109ನೇ ನಿಮಿಷದಲ್ಲಿ. 1-0. ಆ ಸೊನ್ನೆಯನ್ನು ಕಾದವರಲ್ಲಿ ನಡುವಿನ ಇಬ್ಬರು ಪೆಪೆ ಮತ್ತು ಜೋಸೆ ಫಾಂಟೆ. ಪೆಪೆಯವರೇ ಆ ಫೈನಲಿನ ಪಂದ್ಯಶ್ರೇಷ್ಠ.

ಫಾಂಟೆಯವರ ಕಥೆ ನನಗೆ ಬಹಳ ಇಷ್ಟ. ಹುಟ್ಟಿದ್ದು 1983ರ ಡಿಸೆಂಬರ್. 26ನೇ ವಯಸ್ಸಿನಲ್ಲಿ ಅವರು ಇಂಗ್ಲೆಂಡಿನ ಸೌತಾಂಪ್ಟನ್ ತಂಡ ಸೇರಿದರು. ಆಗ ಆ ತಂಡ ಇದ್ದದ್ದು ಮೂರನೇ ದರ್ಜೆಯ ಲೀಗಿನಲ್ಲಿ. ಅಲ್ಲಿಂದ ತಂಡ ಎರಡನೇ ದರ್ಜೆಗೆ ಏರಿತು, ಮರುವರ್ಷ ಮೊದಲನೇ ದರ್ಜೆಗೆ ಏರಿತು, ಫಾಂಟೆ ಜೊತೆಗೇ ಏರಿದರು. ದೇಶದ ಪರವಾಗಿ ಮೊದಲ ಪಂದ್ಯ ಆಡುವಾಗ ವಯಸ್ಸು 30! ಯೂರೋದಲ್ಲಿ ಮೊದಲ ಮೂರು ಪಂದ್ಯಕ್ಕೆ ಅವರನ್ನು ಹೊರಗೇ ಕೂರಿಸಿದ್ದರು. ಆ ಮೂರು ಪಂದ್ಯಗಳಲ್ಲಿ ಪೋರ್ಚುಗಲ್ ಬಿಟ್ಟ ಗೋಲು 4. ಫಾಂಟೆ ಒಳಗೆ ಬಂದ ಮೇಲೆ ನಾಲ್ಕು ಪಂದ್ಯ, ಅದರಲ್ಲಿ ಮೂರು ಹೆಚ್ಚುವರಿ ಸಮಯಕ್ಕೂ ಹೋದವು. ಒಟ್ಟು 450 ನಿಮಿಷ. ಬಿಟ್ಟದ್ದು 1 ಗೋಲು. ಆ ಮೇಲೆ 37ನೇ ವಯಸ್ಸಿನಲ್ಲಿ, 2021ರಲ್ಲಿ, ಫ್ರಾನ್ಸಿನ ಲಿಲ್ ತಂಡದ ನಾಯಕನಾಗಿ ಅಲ್ಲಿನ ಲೀಗ್ ಗೆದ್ದರು. ಪೆಪೆಯಂತೂ 2024ರ ಯೂರೋದಲ್ಲಿ 41 ದಾಟಿದ ಮೇಲೂ ಆಡಿದರು. ಓಟ ಸ್ವಲ್ಪ ಕಡಿಮೆಯಾದರೂ ಎಲ್ಲಿ ನಿಲ್ಲಬೇಕು ಎಂಬ ಬುದ್ಧಿ ಹಿಂದೆ ನಿಂತವರಿಗೆ ವರ್ಷ ಹೋದಂತೆ ಹೆಚ್ಚುತ್ತದೆ. ಅಜ್ಜಂದಿರಿಗೆ ಈ ಮಾತು ಹಿಡಿಸುತ್ತದೆ ಎಂದು ಗೊತ್ತಿದ್ದೇ ಬರೆದಿದ್ದೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ನಗದು ಪೆಟ್ಟಿಗೆಗೆ ಎರಡು ಕೀ. ಒಂದು ಒಬ್ಬರ ಹತ್ತಿರ, ಇನ್ನೊಂದು ಮತ್ತೊಬ್ಬರ ಹತ್ತಿರ. ಇಬ್ಬರೂ ಬಂದರೇ ಬಾಗಿಲು ತೆರೆಯುವುದು. ಸಂಜೆ ಲೆಕ್ಕ ಒಂದು ಪೈಸೆಯೂ ಹೆಚ್ಚುಕಮ್ಮಿ ಇಲ್ಲದೆ ಕೂಡಿಬಂದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಎಲ್ಲರೂ ಕೊಡೆ ಹಿಡಿದು ಮನೆಗೆ ಹೋಗುತ್ತಾರೆ. ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಮಾತ್ರ ಇಡೀ ಬ್ರಾಂಚಿಗೆ ನಿಮ್ಮ ಹೆಸರು ಗೊತ್ತಾಗುತ್ತದೆ! ಡಿಫೆಂಡರಿನ ಬದುಕೂ ಹೀಗೆ. ಸರಿಯಾಗಿ ಮಾಡಿದ ನೂರು ಸಲ ಯಾರಿಗೂ ಕಾಣುವುದಿಲ್ಲ, ಒಂದು ಸಲ ತಪ್ಪಿದ್ದು ಟಿವಿಯಲ್ಲಿ ಹತ್ತು ಸಲ ಬರುತ್ತದೆ.

ರಿಯೊದಲ್ಲಿ ಆದದ್ದು ಅದೇ. 2016ರ ಆಗಸ್ಟ್. ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ, ಕೊಡಗಿನ ನಾಲ್ಕು ಜನ. ಮೊದಲ ಪಂದ್ಯದಲ್ಲಿ ಐರ್ಲೆಂಡನ್ನು 3-2ರಿಂದ ಸೋಲಿಸಿದಾಗ ಮೊದಲ ಗೋಲು ರಘುನಾಥ್ ಅವರದು. ಮುಂದಿನ ಪಂದ್ಯ ಜರ್ಮನಿ ಎದುರು. 1-1. ಆಟ ಮುಗಿಯಲಿಕ್ಕೆ ಮೂರೇ ಸೆಕೆಂಡು ಇತ್ತು. ಆಗ ಜರ್ಮನಿ ಗೋಲು ಹೊಡೆಯಿತು. ಐವತ್ತೊಂಬತ್ತು ನಿಮಿಷ ಐವತ್ತೇಳು ಸೆಕೆಂಡಿನ ಕಾವಲು ಮೂರು ಸೆಕೆಂಡಿನಲ್ಲಿ ಹೋಯಿತು. ಆದರೂ ತಂಡ ಎದ್ದು ನಿಂತು, ಮುಂದೆ ಅದೇ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ನೆದರ್‌ಲೆಂಡ್ಸ್ ಎದುರು ಸೋತ ಪಂದ್ಯದಲ್ಲೂ ಭಾರತದ ಒಂದೇ ಗೋಲು ರಘುನಾಥ್ ಅವರದು. ಕ್ವಾರ್ಟರ್ ಫೈನಲಿನಲ್ಲಿ ಬೆಲ್ಜಿಯಂ ಎದುರು ಸೋತು ಎಂಟನೆಯ ಸ್ಥಾನ. ಹನ್ನೆರಡರಿಂದ ಎಂಟಕ್ಕೆ. ನವೆಂಬರಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಭಾರತ ತಂಡಕ್ಕೆ ರಘುನಾಥ್ ಅವರೇ ನಾಯಕ.

ರಿಯೊ ತಂಡದಲ್ಲಿ ಅವರ ಜೊತೆ ಇಪ್ಪತ್ತು ವರ್ಷದ ಇನ್ನೊಬ್ಬ ಡಿಫೆಂಡರ್ ಇದ್ದ. ಹರ್ಮನ್‌ಪ್ರೀತ್ ಸಿಂಗ್. ಕೀ ಹಿರಿಯರಿಂದ ಕಿರಿಯರಿಗೆ ಹೋಗುವುದು ಹೀಗೆ. 2021ರ ಆಗಸ್ಟ್ 5, ಟೋಕಿಯೊ. ಕಂಚಿಗಾಗಿ ಪಂದ್ಯ, ಎದುರಿಗೆ ಮತ್ತೆ ಅದೇ ಜರ್ಮನಿ. ಭಾರತ 5-4ರಿಂದ ಮುಂದೆ. ಆಟ ಮುಗಿಯಲಿಕ್ಕೆ ಏಳು ಸೆಕೆಂಡಿಗೂ ಕಡಿಮೆ ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್. ಐದು ಜನ ಗೋಲಿನ ಗೆರೆಯ ಹಿಂದೆ ನಿಂತರು. ಆ ಒಲಿಂಪಿಕ್ಸಿನ ಉದ್ದಕ್ಕೂ ಎದುರಿಗೆ ಓಡುವ ಕೆಲಸ ಅಮಿತ್ ರೋಹಿದಾಸ್ ಅವರದಾಗಿತ್ತು. ಗೋಲಿನಲ್ಲಿ ಶ್ರೀಜೇಶ್. ಚೆಂಡು ಒಳಗೆ ಹೋಗಲಿಲ್ಲ. 41 ವರ್ಷಗಳ ಮೇಲೆ ಭಾರತಕ್ಕೆ ಹಾಕಿಯಲ್ಲಿ ಒಲಿಂಪಿಕ್ ಪದಕ ಬಂದದ್ದು ಒಂದು ಗೋಲನ್ನು ತಡೆದು. ಆಗ ರಘುನಾಥ್ ತಂಡದಲ್ಲಿ ಇರಲಿಲ್ಲ. ಕಾವಲು ಮಾತ್ರ ಇತ್ತು.

ನಮ್ಮ ಜಿಲ್ಲೆಯ ಕೊಡವ ಕುಟುಂಬಗಳ ಹಾಕಿ ಹಬ್ಬ ನಿಮಗೆ ಗೊತ್ತು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಅದನ್ನು ಶುರು ಮಾಡಿದ ಪಾಂಡಂಡ ಕುಟ್ಟಪ್ಪ ಅವರೂ ಬ್ಯಾಂಕಿನಲ್ಲಿದ್ದವರು ಎಂಬುದು ನನಗೊಂದು ಸಣ್ಣ ಜಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯೇ ಆಯಿತು. ಒಂದೇ ಮನೆತನದ ಹುಡುಗರು, ಹೆಂಗಸರು, ನರೆತ ತಲೆಯವರು ಒಂದೇ ಬಣ್ಣದ ಜರ್ಸಿ ಹಾಕಿ ಆಡುವುದನ್ನು ಅಲ್ಲಿ ನೋಡಬಹುದು. ಓಡಲಿಕ್ಕಾಗದ ದೊಡ್ಡಪ್ಪ ಹಿಂದೆ ನಿಂತು, ಮುಂದೆ ಓಡುವ ಮಗುವಿಗೆ ಕೂಗಿ ಹೇಳುತ್ತಿರುತ್ತಾರೆ. ಮನೆಯಲ್ಲಿ ನಡೆಯುವುದೂ ಅದೇ ಅಲ್ಲವೇ?

ಹಾಗಾಗಿ ಈ ವಾರದ ಮನೆಪಾಠ. ಮುಂದೆ ಯಾವುದಾದರೂ ಪಂದ್ಯ ನೋಡುವಾಗ, ಮೈದಾನದಲ್ಲಾಗಲಿ ಟಿವಿಯಲ್ಲಾಗಲಿ, ಅಜ್ಜನೋ ಅಜ್ಜಿಯೋ ಮೊಮ್ಮಗುವೋ ಒಟ್ಟಿಗೆ ಕೂತು ಹತ್ತು ನಿಮಿಷ ಚೆಂಡನ್ನು ಬಿಟ್ಟುಬಿಡಿ. ಒಬ್ಬ ಡಿಫೆಂಡರನ್ನು ಮಾತ್ರ ನೋಡಿ. ಎಷ್ಟು ಸಲ ತಿರುಗಿ ನೋಡಿದ, ಎಷ್ಟು ಸಲ ಕೈ ತೋರಿಸಿ ಜೊತೆಗಾರನಿಗೆ ಹೇಳಿದ, ಚೆಂಡು ಬರುವ ಮೊದಲೇ ಎಷ್ಟು ಸಲ ಸರಿಯಾದ ಜಾಗಕ್ಕೆ ಹೋಗಿ ನಿಂತ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ. ಅಜ್ಜ ಗೆರೆ ಹಾಕಲಿ, ಮಗು ಕೂಡಿಸಲಿ. ಹತ್ತು ನಿಮಿಷದಲ್ಲಿ ಎಷ್ಟಾಯಿತು ಎಂದು ನನಗೆ ಬರೆದು ತಿಳಿಸಿ. ಚೆಂಡು ಒಂದು ಸಲವೂ ಅವನ ಹತ್ತಿರ ಬಾರದಿದ್ದರೆ, ಅದನ್ನೂ ತಪ್ಪದೆ ಬರೆಯಿರಿ. ಕೆಲಸ ಚೆನ್ನಾಗಿ ನಡೆದಿದೆ ಎಂಬುದಕ್ಕೆ ಅದೇ ಸಾಕ್ಷಿ ಇರಬಹುದು.